ಕಾವೇರಿ ದಂಡೆಯಿಂದ ಕಡಲಾಚೆಗೆ: ಶ್ರೀರಂಗಪಟ್ಟಣ ಸೀಮೆಯಲ್ಲಿ ಪೂರ್ವ–ಪಶ್ಚಿಮಗಳ ವಾಣಿಜ್ಯ ಮತ್ತು ಸಾಂಸ್ಕೃತಿಕ ವಿನಿಮಯ

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ನಾಗರಿಕರು ಸ್ಮಾರಕದ ಸಮೀಪ ಮನೆ ಕಟ್ಟುವ ಅನುಮತಿಗಾಗಿ, ಹೊಲದಲ್ಲಿ ದೊರೆತ ಹಳೆಯ ನಾಣ್ಯಗಳ ವಿಚಾರವಾಗಿ, ಇಲ್ಲವೇ ಜಮೀನಿನಲ್ಲಿ ಬೆಳೆದ ಶ್ರೀಗಂಧದ ಮರವನ್ನು ಕಡಿಯುವ ಸಲುವಾಗಿ ಸರ್ಕಾರಿ ಕಚೇರಿಗಳಿಗೆ ಅರ್ಜಿ ಸಲ್ಲಿಸುವುದುಂಟು. ಈ ಮೂರೂ ಸಂದರ್ಭಗಳಲ್ಲಿ ಅರ್ಜಿದಾರರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ. ನಮ್ಮ ಸ್ವಂತ ಸ್ವತ್ತಿನಲ್ಲಿರುವುದಕ್ಕೆ ಸರ್ಕಾರದ ಅಪ್ಪಣೆ ಏಕೆ ಎಂಬುದೇ ಆ ಪ್ರಶ್ನೆ. ಅಧಿನಿಯಮದ ಹೆಸರು ಮತ್ತು ಕಲಮಿನ ಸಂಖ್ಯೆಯನ್ನು ಹೇಳಿ ಕಳುಹಿಸಿದಲ್ಲಿ ಉತ್ತರ ನೀಡಿದಂತಾಗುವುದಿಲ್ಲ. ಈ ಸೀಮೆಯ ಕಲ್ಲು, ನಾಣ್ಯ ಮತ್ತು ಮರಗಳು ಇನ್ನೂರು ಮುನ್ನೂರು ವರ್ಷಗಳ ಹಿಂದೆ ಯಾವ ವ್ಯವಹಾರದ ಭಾಗವಾಗಿದ್ದವು ಎಂಬುದನ್ನು ಅರಿತರೆ ನಿಯಮದ ಉದ್ದೇಶವೂ ತಿಳಿಯುತ್ತದೆ. ಆ ದೃಷ್ಟಿಯಿಂದ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಬಂದರಿಲ್ಲದ ನಾಡು

ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ಹೇಮಾವತಿ ನದಿಯ ದಂಡೆಯ ಮೇಲಿರುವ ಹೋಬಳಿ ಕೇಂದ್ರ. ಊರಿನ ಹೆಸರಿನಲ್ಲಿಯೇ ಅಕ್ಕಿ ಇದೆ. ಅಲ್ಲಿ ಹರಿಯುವ ಹೇಮಾವತಿಯು ಮುಂದೆ ಕಾವೇರಿಯನ್ನು ಕೂಡಿಕೊಂಡು ಶ್ರೀರಂಗಪಟ್ಟಣದ ಕೋಟೆಯನ್ನು ಬಳಸಿ ಹೋಗುತ್ತದೆ. ಈ ಪ್ರದೇಶಕ್ಕೆ ಕಡಲು ಹತ್ತಿರವಿಲ್ಲ. ಪಶ್ಚಿಮಕ್ಕೆ ಹೊರಟರೆ ಘಟ್ಟಗಳನ್ನು ಇಳಿದೇ ಮಂಗಳೂರನ್ನು ತಲುಪಬೇಕು. ಹೀಗಿರುವಾಗ ಇಂತಹ ಒಳನಾಡು ಮಸ್ಕತ್, ಇಸ್ತಾಂಬುಲ್ ಮತ್ತು ಪ್ಯಾರಿಸ್ ನಗರಗಳೊಡನೆ ವ್ಯವಹರಿಸಿದ್ದು ಹೇಗೆ ಎಂಬ ಸಂದೇಹ ಸಹಜವಾದುದು.

ಇದಕ್ಕೆ ಉತ್ತರ ಹೇರೆತ್ತುಗಳಲ್ಲಿದೆ. ರೈಲು ಮತ್ತು ಜಲ್ಲಿ ರಸ್ತೆಗಳಿಲ್ಲದ ಕಾಲದಲ್ಲಿ ಲಂಬಾಣಿಗರು ಮತ್ತಿತರ ಹೇರುಗಾರರು ಎತ್ತಿನ ಬೆನ್ನಿನ ಮೇಲೆ ಧಾನ್ಯ, ಅಡಿಕೆ, ಬಟ್ಟೆಗಳನ್ನು ಹೇರಿಕೊಂಡು ಘಟ್ಟವನ್ನು ಇಳಿಯುತ್ತಿದ್ದರು. ಮರಳುವಾಗ ಉಪ್ಪು ಮತ್ತು ಕಡಲಾಚೆಯಿಂದ ಬಂದ ಸರಕುಗಳನ್ನು ತರುತ್ತಿದ್ದರು. ಎತ್ತಿನ ತಳಿಯ ವಿಷಯದಲ್ಲಿ ಮೈಸೂರು ಅರಸರು ತೋರಿದ ಆಸಕ್ತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಚಿಕ್ಕದೇವರಾಜ ಒಡೆಯರ (1673–1704) ಕಾಲದ ‘ಬೆಣ್ಣೆ ಚಾವಡಿ’ಯೇ ಮುಂದೆ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರನ್ನು ಪಡೆಯಿತು. ಈ ಎತ್ತುಗಳ ವೇಗವನ್ನು ಶ್ರೀರಂಗಪಟ್ಟಣವನ್ನು ಗೆದ್ದ ಸೈನ್ಯದ ಆರ್ಥರ್ ವೆಲ್ಲೆಸ್ಲಿಯೇ ಮೆಚ್ಚಿ ತನ್ನ ದಂಡಿಗೆ ಬಳಸಿಕೊಂಡನು.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದುಕೊಂಡ ಮೇಲೆ ಅದು ರಾಜಧಾನಿಯಾಯಿತು. ಆದರೆ ಕರಾವಳಿಯ ಮೆಣಸಿನ ವ್ಯಾಪಾರವು ಬಹುಕಾಲ ಗೇರುಸೊಪ್ಪೆ ಮತ್ತು ಕೆಳದಿ ಅರಸರ ಕೈಯಲ್ಲಿಯೇ ಇತ್ತು. 1763ರಲ್ಲಿ ಹೈದರ್ ಅಲಿಯು ಕೆಳದಿ ಅರಸರ ಬಿದನೂರನ್ನು ಗೆದ್ದ ನಂತರವೇ ಮಂಗಳೂರು ಬಂದರು ಶ್ರೀರಂಗಪಟ್ಟಣದ ಆಡಳಿತಕ್ಕೆ ಒಳಪಟ್ಟಿತು. ಒಳನಾಡಿನ ರಾಜಧಾನಿಗೆ ಕಡಲಿನ ಬಾಗಿಲು ತೆರೆದದ್ದು ಆ ವರ್ಷ.

ಮೆಣಸು ಹೋಯಿತು, ಮೆಣಸಿನಕಾಯಿ ಬಂದಿತು

1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಇಳಿದ ತರುವಾಯ ಯುರೋಪಿನವರು ಇಲ್ಲಿಗೆ ಬಂದ ಮುಖ್ಯ ಕಾರಣ ಕಾಳುಮೆಣಸು. ಅದಕ್ಕೆ ಪ್ರತಿಯಾಗಿ ಮಾರಲು ಅವರ ಬಳಿ ನಮ್ಮವರು ಬಯಸುವ ಸರಕು ಹೆಚ್ಚಾಗಿ ಇರಲಿಲ್ಲ. ಆದ್ದರಿಂದ ಚಿನ್ನ ಮತ್ತು ಬೆಳ್ಳಿಯನ್ನು ತಂದು ಸುರಿಯಬೇಕಾಯಿತು. ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ ಗಣಿಗಳಲ್ಲಿ ತೆಗೆದ ಬೆಳ್ಳಿಯು ಸ್ಪೇನ್ ದೇಶದ ಮೂಲಕ ಯುರೋಪನ್ನು ಸೇರಿ, ಅಲ್ಲಿಂದ ಏಷ್ಯಾದ ಮಾರುಕಟ್ಟೆಗಳಿಗೆ ಹರಿಯಿತು. ವೆನಿಸ್ ನಗರದ ಚಿನ್ನದ ನಾಣ್ಯಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿ ಚಲಾವಣೆಯಲ್ಲಿದ್ದವು. ವಾಣಿಜ್ಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ವ್ಯಾಪಾರ ಶಿಲ್ಕು ನಮ್ಮ ಕಡೆಗಿತ್ತು. ಇದೇ ಅವಧಿಯಲ್ಲಿ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಚಿಕ್ಕ ಚಿನ್ನದ ‘ಕಂಠೀರಾಯ ಹಣ’ವು ಮೈಸೂರು ಸೀಮೆಯಲ್ಲಿ ಲೆಕ್ಕಾಚಾರದ ಅಳತೆಗೋಲಾಗಿ ಬಹುಕಾಲ ಉಳಿಯಿತು. ಬೆರಳ ತುದಿಯಲ್ಲಿ ಮರೆಯಾಗುವಷ್ಟು ಸಣ್ಣದಾದ ಈ ನಾಣ್ಯವನ್ನು ಗುಂಡಿಯೆಂದೋ ಮಣಿಯೆಂದೋ ಎಣಿಸಿ ಬಿಡುವ ಸಂಭವವಿದೆ.

ಮೆಣಸನ್ನು ಕೊಂಡೊಯ್ದವರು ಅಮೆರಿಕ ಖಂಡದಿಂದ ಮತ್ತೊಂದು ಖಾರದ ಪದಾರ್ಥವನ್ನು ತಂದರು. ಕನ್ನಡಿಗರು ಅದಕ್ಕೆ ಹೊಸ ಹೆಸರನ್ನು ಹುಡುಕಲು ಹೋಗದೆ, ತಮಗೆ ತಿಳಿದಿದ್ದ ಮೆಣಸಿನ ಹೆಸರನ್ನೇ ಹಿಗ್ಗಿಸಿ ‘ಮೆಣಸಿನಕಾಯಿ’ ಎಂದು ಕರೆದರು. ಹದಿನಾರನೆಯ ಶತಮಾನಕ್ಕೆ ಮೊದಲು ಮಂಡ್ಯ ಸೀಮೆಯ ಮುದ್ದೆಯ ಜೊತೆಗಿನ ಸಾರಿನಲ್ಲಿ ಒಣಮೆಣಸಿನಕಾಯಿ ಇದ್ದಿರಲು ಸಾಧ್ಯವೇ ಇಲ್ಲ ಎಂಬುದನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಹೊಗೆಸೊಪ್ಪು, ಮುಸುಕಿನ ಜೋಳ, ಕಡಲೆಕಾಯಿ, ಸೀಬೆ, ಪಪ್ಪಾಯಿ, ಅನಾನಸುಗಳೂ ಅದೇ ಖಂಡದ ಮೂಲದವು.

ಸರಕಿನೊಡನೆ ಪದಗಳೂ ಬಂದವು. ಅಲಮಾರು, ಚಾವಿ, ಪೀಪಾಯಿ, ಇಸ್ತ್ರಿ, ಮೇಸ್ತ್ರಿ, ಪಾದ್ರಿ ಎಂಬ ಪದಗಳು ಪೋರ್ಚುಗೀಸ್ ಭಾಷೆಯಿಂದ ಬಂದಂಥವು. ನಾಗರಿಕರು ಕಚೇರಿಯಲ್ಲಿ ಕೊಡುವ ಅರ್ಜಿ, ಪಡೆಯುವ ರಸೀದಿ, ಕೇಳುವ ನಕಲು, ಹಾಜರುಪಡಿಸುವ ದಾಖಲೆ ಇವು ಪರ್ಷಿಯನ್ ಮತ್ತು ಅರಬ್ಬಿ ಮೂಲದವು. ಕಚೇರಿಯ ಕನ್ನಡವು ಕಠಿಣವೆಂಬ ದೂರು ಆಗಾಗ ಬರುವುದುಂಟು. ಅದರಲ್ಲಿ ಕನ್ನಡದ ಪಾಲು ಎಷ್ಟು ಎಂಬುದು ಬೇರೆಯೇ ಪ್ರಶ್ನೆ.

ಭಾಷೆಯನ್ನು ಕಲಿಯಲು ಬಂದವರೂ ಇದ್ದರು. 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜರ ಆಳ್ವಿಕೆಯಲ್ಲಿ, ಇಟಲಿಯ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಅವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದರು. ಅವರು ಕನ್ನಡವನ್ನು ಕಲಿತು ವ್ಯಾಕರಣ ಮತ್ತು ಶಬ್ದಕೋಶವನ್ನು ಸಿದ್ಧಪಡಿಸಿದರು. ಬಳ್ಳಾರಿ ಮತ್ತು ಮಂಗಳೂರಿನ ಮಿಷನರಿಗಳ ಕನ್ನಡ ಕೆಲಸವು ಹತ್ತೊಂಬತ್ತನೆಯ ಶತಮಾನದ್ದೆಂಬುದನ್ನು ನೆನೆದರೆ ಇದು ಎಷ್ಟು ಮುಂಚಿನ ಯತ್ನವೆಂಬುದು ತಿಳಿಯುತ್ತದೆ.

ಕೋಠಿಗಳು ಮತ್ತು ಪ್ರಜೆಗಳ ಠೇವಣಿ

ವ್ಯಾಪಾರವನ್ನು ವರ್ತಕರಿಗೆ ಬಿಡದೆ ಸರ್ಕಾರವೇ ನಡೆಸಬೇಕೆಂಬುದು ಟಿಪ್ಪು ಸುಲ್ತಾನನ (ಆಳ್ವಿಕೆ 1782–1799) ನಿಲುವಾಗಿತ್ತು. ಕಾಳುಮೆಣಸು, ಏಲಕ್ಕಿ ಮತ್ತು ಶ್ರೀಗಂಧಗಳನ್ನು ಸರ್ಕಾರವೇ ಕೊಂಡು ಮಾರತಕ್ಕದ್ದೆಂದು ಗೊತ್ತುಪಡಿಸಲಾಯಿತು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯವರಿಗೆ ಈ ಸರಕುಗಳು ದೊರೆಯದಂತೆ ಬಂದರುಗಳಲ್ಲಿ ನಿರ್ಬಂಧ ವಿಧಿಸಲಾಯಿತು. ಅದರ ಬದಲು ಅರಬ್ಬಿ ಕಡಲಿನ ಆಚೆಯ ಮಸ್ಕತ್‌ನಲ್ಲಿ ಮೈಸೂರಿನ ಕೋಠಿ, ಅಂದರೆ ಸರ್ಕಾರಿ ವ್ಯಾಪಾರದ ಮಳಿಗೆ, ಸ್ಥಾಪನೆಯಾಯಿತು. ಮಂಗಳೂರಿನಿಂದ ಹಡಗೇರಿದ ಅಕ್ಕಿಗೆ ಮಸ್ಕತ್ ದೊಡ್ಡ ಗಿರಾಕಿಯಾಗಿತ್ತು. ಗುಜರಾತಿನ ಕಛ್ ತೀರದಲ್ಲಿಯೂ ಮೈಸೂರಿನ ಕೋಠಿಗಳಿದ್ದವು.

1793 ಮತ್ತು 1794ರಲ್ಲಿ ಹೊರಡಿಸಲಾದ ವ್ಯಾಪಾರ ನಿಬಂಧನೆಗಳು ಪರ್ಷಿಯನ್ ಭಾಷೆಯಲ್ಲಿದ್ದು, ಅವುಗಳ ಇಂಗ್ಲಿಷ್ ಅನುವಾದವನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್‌ನು 1811ರಲ್ಲಿ ಟಿಪ್ಪುವಿನ ಪತ್ರಗಳ ಸಂಪುಟದೊಡನೆ ಪ್ರಕಟಿಸಿದನು. ಒಂಬತ್ತು ಮಂದಿ ವ್ಯಾಪಾರಾಧಿಕಾರಿಗಳ ಮಂಡಲಿಯೊಂದನ್ನೂ ರಾಜ್ಯದ ಒಳಗೆ 30 ಹಾಗೂ ಹೊರಗೆ 17 ಕೋಠಿಗಳನ್ನೂ ಈ ನಿಬಂಧನೆಗಳು ಸೂಚಿಸುತ್ತವೆ. ಅವುಗಳಲ್ಲಿ ಪ್ರಜೆಗಳ ಠೇವಣಿಗೆ ಸಂಬಂಧಿಸಿದ ಭಾಗವನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತ. ಯಾವ ಪ್ರಜೆಯಾದರೂ ಸರ್ಕಾರಿ ವ್ಯಾಪಾರದಲ್ಲಿ ಹಣವನ್ನು ತೊಡಗಿಸಬಹುದಾಗಿತ್ತು. 500 ನಾಣ್ಯಗಳವರೆಗೆ ಹೂಡಿದ ಸಣ್ಣ ಠೇವಣಿದಾರನಿಗೆ ವರ್ಷದ ಕೊನೆಗೆ ಅಸಲಿನ ಅರ್ಧದಷ್ಟು ಲಾಭ, 500ರಿಂದ 5,000ದವರೆಗೆ ಹೂಡಿದವನಿಗೆ ಕಾಲು ಭಾಗ, ಅದಕ್ಕೂ ಮೇಲ್ಪಟ್ಟವನಿಗೆ ನೂರಕ್ಕೆ 12ರಂತೆ ಕೊಡತಕ್ಕದ್ದೆಂದು ನಿಗದಿಯಾಗಿತ್ತು.

ಇಂದಿನ ಯಾವ ಬ್ಯಾಂಕಿನಲ್ಲಿಯೂ ಕಾಣಸಿಗದ ಕ್ರಮವಿದು. ದೊಡ್ಡ ಮೊತ್ತಕ್ಕೆ ಹೆಚ್ಚು ಬಡ್ಡಿ ನೀಡುವುದು ಲೋಕರೂಢಿ. ಇಲ್ಲಿ ಮೊತ್ತ ಚಿಕ್ಕದಾದಷ್ಟೂ ಲಾಭದ ಪ್ರಮಾಣ ಹೆಚ್ಚು. ದೊಡ್ಡ ಸಾಹುಕಾರರನ್ನು ದೂರವಿಟ್ಟು ಸಣ್ಣ ಹಣವನ್ನು ಖಜಾನೆಗೆ ಸೆಳೆಯುವ ಉದ್ದೇಶ ಇದರಲ್ಲಿ ಸ್ಪಷ್ಟವಾಗಿದೆ. ಆದರೆ ನೂರಕ್ಕೆ 50ರ ಲಾಭವನ್ನು ವರ್ಷ ವರ್ಷವೂ ಕೊಡಬೇಕಾದರೆ ವ್ಯಾಪಾರದಿಂದ ಅದಕ್ಕೂ ಮೀರಿದ ಗಳಿಕೆ ಬರಬೇಕು. ನಿಬಂಧನೆ ಹೊರಟದ್ದು 1792ರ ಶ್ರೀರಂಗಪಟ್ಟಣದ ಒಪ್ಪಂದವಾದ ಮರುವರ್ಷ. ಆ ಒಪ್ಪಂದದಂತೆ ರಾಜ್ಯದ ಅರ್ಧಭಾಗ ಕೈಬಿಟ್ಟುಹೋಗಿತ್ತು ಹಾಗೂ 3 ಕೋಟಿ 30 ಲಕ್ಷ ರೂಪಾಯಿಗಳ ದಂಡದ ಹೊರೆ ಬಿದ್ದಿತ್ತು. ಮೆಣಸು ಬೆಳೆಯುವ ಮಲಬಾರು ಕಂಪೆನಿಯ ಪಾಲಾಗಿತ್ತು. ಖಜಾನೆಗೆ ಹಣದ ತುರ್ತು ಅಗತ್ಯವಿದ್ದಾಗ ರೂಪುಗೊಂಡ ಯೋಜನೆಯಿದು ಎಂಬುದನ್ನು ಮರೆಯಲಾಗದು.

ರಾಯಭಾರಿಗಳ ಪಯಣ

1786ರ ಮಾರ್ಚ್ ತಿಂಗಳಿನಲ್ಲಿ ಇಂದಿನ ಉತ್ತರ ಕನ್ನಡ ಜಿಲ್ಲೆಯ ತದಡಿ ಬಂದರಿನಿಂದ ಗುಲಾಂ ಅಲಿ ಖಾನನ ನೇತೃತ್ವದ ರಾಯಭಾರವೊಂದು ನಾಲ್ಕು ಹಡಗುಗಳಲ್ಲಿ ತುರ್ಕಿ ಸುಲ್ತಾನನ ಆಸ್ಥಾನಕ್ಕೆ ಹೊರಟಿತು. ಹಡಗುಗಳಲ್ಲಿ ಕಾಣಿಕೆಗಳ ಜೊತೆಗೆ ದಾರಿಯ ಬಂದರುಗಳಲ್ಲಿ ಮಾರುವ ಸಲುವಾಗಿ ಮೆಣಸು, ಏಲಕ್ಕಿ, ಶ್ರೀಗಂಧ ಮತ್ತು ಬಟ್ಟೆಗಳಿದ್ದವು. ಪಯಣದ ವೆಚ್ಚವನ್ನು ಪಯಣವೇ ಹುಟ್ಟಿಸಬೇಕೆಂಬುದು ಲೆಕ್ಕಾಚಾರ. ಮಸ್ಕತ್ ಮತ್ತು ಬಸ್ರಾ ಮಾರ್ಗವಾಗಿ ಸಾಗಿದ ಈ ತಂಡವು ಹಡಗುಗಳನ್ನೂ ಜನರನ್ನೂ ಕಳೆದುಕೊಂಡಿತು. ಹೊರಟವರಲ್ಲಿ ಬಹುಮಂದಿ ಊರಿಗೆ ಮರಳಲಿಲ್ಲ. ತಂಡದೊಡನೆ ಹೋದ ಖ್ವಾಜಾ ಅಬ್ದುಲ್ ಖಾದಿರ್ ಎಂಬ ಬರೆಹಗಾರನು ಪರ್ಷಿಯನ್ ಭಾಷೆಯಲ್ಲಿ ಇಟ್ಟ ದಿನಚರಿಯು ಉಳಿದುಬಂದಿದೆ.

ಮರುವರ್ಷ, 1787ರಲ್ಲಿ, ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳು ಪುದುಚೇರಿಯಿಂದ ಫ್ರೆಂಚ್ ಹಡಗಿನಲ್ಲಿ ಹೊರಟು 1788ರ ಜೂನ್ ತಿಂಗಳಿನಲ್ಲಿ ಟೂಲಾನ್ ಬಂದರಿನಲ್ಲಿ ಇಳಿದರು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯು ಅವರನ್ನು ಬರಮಾಡಿಕೊಂಡನು. ಸೈನಿಕ ನೆರವಿನ ಜೊತೆಗೆ ಅವರು ಕುಶಲಕರ್ಮಿಗಳನ್ನೂ ವೈದ್ಯರನ್ನೂ ಗಿಡಬೀಜಗಳನ್ನೂ ಕೇಳಿದರು. ಸೈನಿಕ ಮೈತ್ರಿ ದೊರೆಯಲಿಲ್ಲ. ಅದಕ್ಕೆ ಕಾರಣ ಫ್ರಾನ್ಸಿನ ಖಜಾನೆಯ ಸ್ಥಿತಿಯಲ್ಲಿಯೇ ಇತ್ತು. ರಾಯಭಾರಿಗಳ ಭೇಟಿಯಾದ ಆರೇ ದಿನಗಳಲ್ಲಿ, ಅಂದರೆ ಆಗಸ್ಟ್ 16ರಂದು, ಫ್ರೆಂಚ್ ಸರ್ಕಾರವು ತನ್ನ ಸಾಲಪಾವತಿಗಳನ್ನು ನಿಲ್ಲಿಸಿರುವುದಾಗಿ ಘೋಷಿಸಿತು. ಮರುವರ್ಷವೇ ಅಲ್ಲಿ ಮಹಾಕ್ರಾಂತಿ. ಆದರೂ ಸೇವ್ರ್ ಕಾರ್ಖಾನೆಯ ಪಿಂಗಾಣಿಯ ಉಡುಗೊರೆಗಳೊಡನೆ ಕೆಲವು ಕುಶಲಕರ್ಮಿಗಳನ್ನು ಕರೆದುಕೊಂಡು ಅವರು 1789ರಲ್ಲಿ ಹಿಂತಿರುಗಿದರು.

ಪ್ಯಾರಿಸ್ ನಗರದಲ್ಲಿ ಇವರ ಉಡುಗೆ ತೊಡುಗೆಗಳು ಜನರ ಕುತೂಹಲವನ್ನು ಕೆರಳಿಸಿದವು. ಪ್ರಸಿದ್ಧ ಚಿತ್ರಗಾರ್ತಿ ಎಲಿಜಬೆತ್ ವಿಜೇ ಲ ಬ್ರುನ್ ಅವರು ದರ್ವೇಶ್ ಖಾನನ ಆಳೆತ್ತರದ ಚಿತ್ರವನ್ನು ಬರೆದು 1789ರ ಪ್ರದರ್ಶನದಲ್ಲಿ ಇರಿಸಿದರು. ಆ ಚಿತ್ರವು 2019ರಲ್ಲಿ ನ್ಯೂಯಾರ್ಕ್ ನಗರದ ಹರಾಜಿನಲ್ಲಿ ಸುಮಾರು 72 ಲಕ್ಷ ಡಾಲರಿಗೆ ಮಾರಾಟವಾಯಿತು.

ವಿನಿಮಯವು ಪಟ್ಟಣದೊಳಗೆ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಒಂದು ಚಿಕ್ಕ ನಿದರ್ಶನ ಸಾಕು. ಪುದುಚೇರಿಯ ಗವರ್ನರ್ ಕೊಸಿನ್ಯಿಯಿಂದ ಬಂದ ಬ್ಯಾರೋಮೀಟರಿನಲ್ಲಿ ಪಾದರಸವು ಹಳತಾಗಿ ಚಲಿಸುತ್ತಿಲ್ಲವೆಂದೂ ಬೇರೊಂದನ್ನು ಕಳುಹಿಸಬೇಕೆಂದೂ ಟಿಪ್ಪುವು ಪತ್ರ ಬರೆಸಿದನು. ಉಪಕರಣದೊಡನೆ ಬಂದ ಪುಸ್ತಕವನ್ನು ಪರ್ಷಿಯನ್ ಭಾಷೆಗೆ ಅನುವಾದ ಮಾಡಿಸಲಾಗಿತ್ತು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ಬಿದನೂರುಗಳಲ್ಲಿ ‘ತಾರಾಮಂಡಲ’ ಎಂಬ ಹೆಸರಿನ ಕಾರ್ಯಾಗಾರಗಳನ್ನು ನಡೆಸಲಾಗುತ್ತಿತ್ತು. ಗಡಿಯಾರ, ಚಾಕು, ಕತ್ತರಿಗಳಂತಹ ವಸ್ತುಗಳನ್ನು ಅಲ್ಲಿ ತಯಾರಿಸುತ್ತಿದ್ದರು.

ಈ ಚಟುವಟಿಕೆಯೆಲ್ಲವೂ ಸ್ವಇಚ್ಛೆಯಿಂದ ನಡೆಯಿತೆಂದು ಭಾವಿಸುವಂತಿಲ್ಲ. ಶ್ರೀರಂಗಪಟ್ಟಣದ ಪೂರ್ವದಲ್ಲಿರುವ ಗಂಜಾಂ ಪೇಟೆಯನ್ನು ತುಂಬಿಸುವುದಕ್ಕಾಗಿ ಶಿರಾ ಸೀಮೆಯಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆತರಲಾಯಿತೆಂದು ಗೆಜೆಟಿಯರ್ ದಾಖಲಿಸಿದೆ. ಯುದ್ಧದಲ್ಲಿ ಸೆರೆಯಾದ ಯುರೋಪಿಯನ್ನರನ್ನೂ ಕೆಲಸಕ್ಕೆ ಹಚ್ಚಲಾಗಿತ್ತು.

ಹಿರೋಡೆ ಎಂಬ ಫ್ರೆಂಚ್ ರಾಕ್ಸ್

ಇಂದಿನ ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ದಂಡು ಇಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಇಪ್ಪತ್ತನೆಯ ಶತಮಾನದಲ್ಲಿಯೂ ಆ ಹೆಸರು ಬಳಕೆಯಲ್ಲಿತ್ತು. ಹಳೆಯ ದಾಖಲೆಗಳ ನಕಲನ್ನು ಕೋರುವ ಪಾಂಡವಪುರದ ಅರ್ಜಿದಾರರು ‘ಹಿರೋಡೆ’ ಮತ್ತು ‘ಫ್ರೆಂಚ್ ರಾಕ್ಸ್’ ಎಂಬ ಹೆಸರುಗಳಲ್ಲಿಯೂ ಹುಡುಕಿಸುವುದು ಒಳ್ಳೆಯದು. ಅದರಂತೆಯೇ ಕೃಷ್ಣರಾಜಪೇಟೆಯವರು ‘ಅತ್ತಿಕುಪ್ಪೆ’ ಎಂಬ ಹಿಂದಿನ ಹೆಸರನ್ನು ಗಮನದಲ್ಲಿಡಬೇಕು.

ಆ ಫ್ರೆಂಚ್ ಸೈನಿಕರನ್ನು ನೋಡಬಯಸುವವರು ದರಿಯಾ ದೌಲತ್ ಅರಮನೆಗೆ ಹೋಗಬಹುದು. 1784ರಲ್ಲಿ ನಿರ್ಮಾಣವಾದ ಈ ಮರದ ಕಟ್ಟಡದ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ದೊಡ್ಡ ಚಿತ್ರವಿದೆ. ಅದರಲ್ಲಿ ಲಾಲಿ ಎಂಬ ಫ್ರೆಂಚ್ ಸೇನಾನಿಯು ದುರ್ಬೀನು ಹಿಡಿದು ನಿಂತಿರುವುದನ್ನೂ ಕರ್ನಲ್ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿರುವುದನ್ನೂ ಕಾಣಬಹುದು. ಕಂಪೆನಿಯ ಸೋಲನ್ನು ಸಾರುವ ಈ ಚಿತ್ರವನ್ನು ಗೆದ್ದ ಮೇಲೆ ಅಳಿಸಿಹಾಕದೆ, ಆ ಅರಮನೆಯಲ್ಲಿಯೇ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯು ದುರಸ್ತಿ ಮಾಡಿಸಿದನು. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯು ಅದನ್ನು ಮತ್ತೆ ಬರೆಯಿಸಿದನು.

ರೇಷ್ಮೆ ಮತ್ತು ಅಗ್ನಿಬಾಣ

ಈ ವಿನಿಮಯದಲ್ಲಿ ಬಂದು ನೆಲೆನಿಂತ ಕಸುಬು ರೇಷ್ಮೆ. ಬಂಗಾಳಕ್ಕೆ ಕಳುಹಿಸಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ರೇಷ್ಮೆಹುಳುಗಳೊಡನೆ ಹಿಂತಿರುಗುತ್ತಿದ್ದಾರೆಂದೂ, ಹುಳುಗಳನ್ನು ಇರಿಸಲು ತಕ್ಕ ಜಾಗವನ್ನು ಅವರನ್ನು ಕೇಳಿ ಸಿದ್ಧಪಡಿಸಬೇಕೆಂದೂ ಟಿಪ್ಪುವು 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಪತ್ರವು ಕರ್ಕ್‌ಪ್ಯಾಟ್ರಿಕ್‌ನ ಸಂಪುಟದಲ್ಲಿದೆ. ಮಸ್ಕತ್‌ನಿಂದಲೂ ಹುಳು ಮತ್ತು ಸಾಕಣೆದಾರರನ್ನು ತರಿಸುವ ಯತ್ನ ನಡೆಯಿತು. ಒಟ್ಟು 21 ಸ್ಥಳಗಳಲ್ಲಿ ಸಾಕಣೆ ಆರಂಭಿಸುವ ಯೋಜನೆಯಿತ್ತು. ಮಂಡ್ಯ ಜಿಲ್ಲೆಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತರು ಇಂದಿಗೂ ಇದ್ದಾರೆ.

ಹೊರಗೆ ಹೋದದ್ದು ಅಗ್ನಿಬಾಣ, ಅಂದರೆ ರಾಕೆಟ್ಟು. ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದು ತುಂಬುವ ಕ್ರಮ ಬೇರೆಡೆಗಳಲ್ಲಿಯೂ ಇತ್ತು. ಮೈಸೂರಿನವರು ಕಬ್ಬಿಣದ ಕೊಳವೆಯನ್ನು ಬಳಸಿದರು. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಾಳಿಕೊಳ್ಳುವುದರಿಂದ ಬಾಣವು ಬಲು ದೂರಕ್ಕೆ ಹಾರುತ್ತಿತ್ತು. 1799ರ ನಂತರ ಇಂತಹ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಕೊಂಡೊಯ್ಯಲಾಯಿತು. ಅವುಗಳ ಮಾದರಿಯ ಮೇಲೆ ವಿಲಿಯಂ ಕಾಂಗ್ರೀವ್ ಎಂಬಾತನು ವುಲ್‌ವಿಚ್‌ನಲ್ಲಿ 1804ರ ಸುಮಾರಿಗೆ ಪ್ರಯೋಗಗಳನ್ನು ಆರಂಭಿಸಿದನು. 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮೇಲೆಯೂ 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಬಳಿಯ ಕೋಟೆಯ ಮೇಲೆಯೂ ಕಾಂಗ್ರೀವ್ ರಾಕೆಟ್ಟುಗಳು ಬಿದ್ದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ಟಿನ ಪ್ರಸ್ತಾಪವು ಆ ರಾತ್ರಿಯದು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, ಪಾಳುಬಾವಿಯೊಂದರಿಂದ ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯವರು ಒಂದು ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಹೊರತೆಗೆದರು. ತುಕ್ಕು ಹಿಡಿದ ಕೊಳವೆಗಳೆಂದು ಗುಜರಿಗೆ ಹಾಕಿದ್ದಲ್ಲಿ ಈ ಪುರಾವೆಯು ಉಳಿಯುತ್ತಿರಲಿಲ್ಲ.

1799ರ ನಂತರ

ಮೇ 4, 1799ರಂದು ಕೋಟೆಯು ಬಿದ್ದ ಮೇಲೆ ಪಟ್ಟಣದ ಸಂಪತ್ತು ಚದುರಿತು. ಸುಮಾರು 2,000 ಗ್ರಂಥಗಳಿದ್ದ ಗ್ರಂಥಾಲಯವು ಕಲ್ಕತ್ತೆ ಮತ್ತು ಇಂಗ್ಲೆಂಡಿನ ಸಂಸ್ಥೆಗಳಿಗೆ ಹಂಚಿಹೋಯಿತು. ಚಾರ್ಲ್ಸ್ ಸ್ಟೂವರ್ಟ್ ಎಂಬ ವಿದ್ವಾಂಸನು 1809ರಲ್ಲಿ ಅದರ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದನು. ಕೀಲಿ ತಿರುಗಿಸಿದರೆ ಘರ್ಜಿಸುವ ಮರದ ಹುಲಿಯು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ರಾಜಧಾನಿಯು ಮೈಸೂರಿಗೆ ಸ್ಥಳಾಂತರಗೊಂಡಿತು. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್‌ನ ಅಂದಾಜಿನಂತೆ ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷದಷ್ಟಿತ್ತು. ಅವನು ಕಂಡಾಗ ದಂಡನ್ನು ಬಿಟ್ಟು ಸುಮಾರು 32 ಸಾವಿರಕ್ಕೆ ಇಳಿದಿತ್ತು. ಕೋಟೆಯೊಳಗೆ ಇಂದು ಕಾಣುವ ಪಾಳುಗೋಡೆಗಳಲ್ಲಿ ಎಷ್ಟೋ ಮನೆಗಳು ಹೀಗೆ ಖಾಲಿಯಾದವು.

ವಿನಿಮಯವು ನಿಲ್ಲಲಿಲ್ಲ, ಅದರ ಸ್ವರೂಪ ಬದಲಾಯಿತು. ಬುಕಾನನ್‌ನು ಮೇಲುಕೋಟೆ, ತೊಣ್ಣೂರು, ನಾಗಮಂಗಲಗಳನ್ನು ಸುತ್ತಿ ಬೆಳೆ, ನೀರಾವರಿ, ನೇಗಿಲು, ತೂಕ, ಧಾರಣೆಗಳನ್ನು ಬರೆದುಕೊಂಡು 1807ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದನು. ಕಾಲಿನ್ ಮೆಕೆಂಝಿಯು ಮೈಸೂರು ರಾಜ್ಯದ ಮೋಜಣಿಯನ್ನು ಕೈಗೊಂಡು, ಕಾವಲಿ ವೆಂಕಟ ಬೊರಯ್ಯ ಮತ್ತಿತರ ಸಹಾಯಕರ ಮೂಲಕ ಶಾಸನ, ಸ್ಥಳಪುರಾಣ ಮತ್ತು ಕೈಫಿಯತ್ತುಗಳನ್ನು ಸಂಗ್ರಹಿಸಿದನು. ಅವನ ಕೋರಿಕೆಯಿಂದ ಜೈನ ಕವಿ ದೇವಚಂದ್ರನು ತೊಡಗಿದ ಕೆಲಸವೇ ಮುಂದೆ ‘ರಾಜಾವಳಿ ಕಥೆ’ಯಾಯಿತು.

ಗಂಜಾಮಿನಲ್ಲಿ ಚರ್ಚನ್ನು ಕಟ್ಟಿಸಿದ ಫ್ರೆಂಚ್ ಪಾದ್ರಿ ಆಬೆ ದುಬುವಾ ಅವರನ್ನು ಜನರು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಹಿಂದೂಗಳ ಆಚಾರ ವ್ಯವಹಾರಗಳ ಕುರಿತು ಅವರು ಸಲ್ಲಿಸಿದ ಹಸ್ತಪ್ರತಿಯನ್ನು ಕಂಪೆನಿಯು 1807ರಲ್ಲಿ 2,000 ವರಹಗಳಿಗೆ ಕೊಂಡುಕೊಂಡಿತು. ಅದರ ಬಹುಭಾಗವು ಕೂರ್ದೂ ಎಂಬ ಹಿಂದಿನ ಜೆಸ್ಯೂಟ್ ಪಾದ್ರಿಯ ಬರೆಹವನ್ನು ಆಧರಿಸಿದುದೆಂದು 1980ರ ದಶಕದಲ್ಲಿ ಸಿಲ್ವಿಯಾ ಮೂರ್ ಎಂಬ ವಿದುಷಿ ತೋರಿಸಿಕೊಟ್ಟರು. ಗ್ರಂಥಕ್ಕಿಂತಲೂ ಆ ಪಾದ್ರಿಯ ಮತ್ತೊಂದು ಕೆಲಸ ಈ ಸೀಮೆಯ ಜನರಿಗೆ ಹೆಚ್ಚು ಉಪಕಾರಿಯಾಯಿತು. ಇಂಗ್ಲೆಂಡಿನಲ್ಲಿ ಜೆನ್ನರ್ 1796ರಲ್ಲಿ ಕಂಡುಹಿಡಿದ ಸಿಡುಬಿನ ಲಸಿಕೆಯು ಬಾಗ್ದಾದ್ ಮತ್ತು ಬಸ್ರಾ ದಾರಿಯಾಗಿ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟುತ್ತ, 1802ರ ಜೂನ್ ತಿಂಗಳಿನಲ್ಲಿ ಮುಂಬಯಿಯನ್ನು ತಲುಪಿತು. 1803–04ರಲ್ಲಿ ದುಬುವಾ ಅವರ ಮುಂದಾಳ್ತನದಲ್ಲಿ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಮಿಕ್ಕಿದ ಜನರಿಗೆ ಲಸಿಕೆ ಹಾಕಲಾಯಿತು. ತುರ್ಕಿಗೆ ಹೊರಟ ಮೈಸೂರಿನ ರಾಯಭಾರವು ಸಾಗಿದ ಬಸ್ರಾ ದಾರಿಯಲ್ಲಿಯೇ, ಹದಿನೈದು ವರ್ಷಗಳ ನಂತರ, ಈ ಲಸಿಕೆಯು ಎದುರು ದಿಕ್ಕಿನಿಂದ ಬಂದಿತೆಂಬುದು ಗಮನಾರ್ಹ. ಥಾಮಸ್ ಹಿಕಿ ಎಂಬ ಐರ್ಲೆಂಡಿನ ಕಲಾವಿದನು 1805ರ ಸುಮಾರಿಗೆ ಬರೆದ ಮೈಸೂರು ಅರಮನೆಯ ಸ್ತ್ರೀಯರ ಚಿತ್ರದಲ್ಲಿ ಕಿರಿಯ ರಾಣಿಯು ತೋಳಿನ ಮೇಲಿನ ಸೆರಗನ್ನು ಸರಿಸಿ ತೋರುತ್ತಿದ್ದಾಳೆ. ಲಸಿಕೆಯ ಬಗ್ಗೆ ಜನರ ಅಂಜಿಕೆಯನ್ನು ಹೋಗಲಾಡಿಸಲು ಬರೆಸಿದ ಚಿತ್ರವಿದೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ.

ಶ್ರೀಗಂಧದ ಏಕಸ್ವಾಮ್ಯವನ್ನು ನಂತರದ ಸರ್ಕಾರಗಳೂ ಮುಂದುವರಿಸಿದವು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಮರದ ರಫ್ತು ಕಡಿದುಹೋದಾಗ ಮೈಸೂರು ಸರ್ಕಾರವು 1916ರಲ್ಲಿ ಬೆಂಗಳೂರಿನಲ್ಲಿ ತನ್ನದೇ ಗಂಧದೆಣ್ಣೆಯ ಕಾರ್ಖಾನೆಯನ್ನು ಆರಂಭಿಸಿತು.

ಅರ್ಜಿದಾರರ ಗಮನಕ್ಕೆ

ಶ್ರೀಗಂಧ: ಖಾಸಗಿ ಜಮೀನಿನಲ್ಲಿ ಬೆಳೆದ ಶ್ರೀಗಂಧವೂ ಸರ್ಕಾರದ್ದೆಂಬ ಹಳೆಯ ನಿಯಮವು ಕರ್ನಾಟಕ ಅರಣ್ಯ ಅಧಿನಿಯಮಕ್ಕೆ 2001ರಲ್ಲಿ ಆದ ತಿದ್ದುಪಡಿಯಿಂದ ಬದಲಾಗಿದೆ. ಮರದ ಒಡೆತನವು ಈಗ ಜಮೀನಿನ ಮಾಲೀಕರದು. ಆದರೆ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಅಗತ್ಯ.

ನಾಣ್ಯ ಮತ್ತು ನಿಧಿ: ಉಳುವಾಗ ಅಥವಾ ಪಾಯ ತೋಡುವಾಗ ದೊರೆತ ನಾಣ್ಯ, ಆಭರಣ, ಲೋಹದ ವಸ್ತುಗಳ ಬಗ್ಗೆ 1962ರ ಕರ್ನಾಟಕ ನಿಧಿ ಅಧಿನಿಯಮದ ಅನ್ವಯ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ಸಮೀಪದ ತಹಶೀಲ್ದಾರರ ಕಚೇರಿಯಲ್ಲಿಯೂ ಮಾಹಿತಿ ನೀಡಬಹುದು. ನಾಣ್ಯಗಳನ್ನು ಹುಣಿಸೆಹಣ್ಣಿನಿಂದಾಗಲಿ ಬೂದಿಯಿಂದಾಗಲಿ ಉಜ್ಜಿ ತೊಳೆಯಬಾರದು. ದೊರೆತ ಜಾಗವನ್ನು ಗುರುತು ಮಾಡಿಟ್ಟುಕೊಳ್ಳುವುದು ಅಪೇಕ್ಷಣೀಯ. ಯಾವ ನಾಣ್ಯ ಎಲ್ಲಿ, ಯಾವುದರ ಜೊತೆಗೆ ಸಿಕ್ಕಿತೆಂಬುದರಿಂದಲೇ ವ್ಯಾಪಾರದ ಜಾಡು ತಿಳಿಯುತ್ತದೆ. ಮನೆತನದಲ್ಲಿ ಹಿಂದಿನಿಂದ ಬಂದ ಓಲೆಗರಿ ಮತ್ತು ಕಡತಗಳು ನಿಧಿಯಲ್ಲ. ಆದರೆ 100 ವರ್ಷ ಮೀರಿದ ಪುರಾತನ ವಸ್ತುಗಳನ್ನೂ 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳನ್ನೂ ವಿದೇಶಕ್ಕೆ ಕಳುಹಿಸುವುದನ್ನು 1972ರ ಕೇಂದ್ರ ಅಧಿನಿಯಮವು ನಿಷೇಧಿಸಿದೆ.

ಕಟ್ಟಡ: 1958ರ ಕೇಂದ್ರ ಅಧಿನಿಯಮದ 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿರ್ಮಾಣವು ನಿಷೇಧಿತ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ನಿಷೇಧಿತ ವಲಯದಲ್ಲಿಯೂ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಸೋರುವ ಸೂರಿನಡಿಯಲ್ಲಿ ಕುಟುಂಬವು ಕಾದು ಕುಳಿತಿರುವಾಗ ಈ ದಿನಾಂಕವನ್ನು ರುಜುವಾತುಪಡಿಸುವ ಕಾಗದವೊಂದರ ಕೊರತೆಯಿಂದ ಅರ್ಜಿಯು ಹಿಂದಕ್ಕೆ ಬರುವುದುಂಟು. ಆದುದರಿಂದ ಹಳೆಯ ಮನೆ ಕಂದಾಯದ ರಸೀದಿ, ವಿದ್ಯುತ್ ಬಿಲ್ಲು, ಪುರಸಭೆಯ ಖಾತೆಯ ನಕಲು ಇವುಗಳಲ್ಲಿ ದೊರೆತುದನ್ನು ನಿವೇಶನದ ನಕ್ಷೆಯೊಡನೆ ಮೊದಲೇ ಲಗತ್ತಿಸಿ ಅರ್ಜಿಯನ್ನು ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸಲು ಕೋರಲಾಗಿದೆ.